ದೊಡ್ಡಪ್ಪನ ಡಿವಿಡಿ, ಆರು ಸ್ಪೀಕರ್ ಮತ್ತು ಹಿಡಿಸದ ಸದ್ದಿನ ಕಥೆ

ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ. ಫೋನ್ ಹೇಗೂ ಕೈಯಲ್ಲೇ ಇದೆ, ಕ್ಯಾಲ್ಕುಲೇಟರ್ ತೆಗೀರಿ. 24 ಒತ್ತಿ. ಅದನ್ನ 96,000ದಿಂದ ಗುಣಿಸಿ. ಬಂದದ್ದನ್ನ ಮತ್ತೆ 6ರಿಂದ ಗುಣಿಸಿ. 1,38,24,000 ಬಂತಾ? ಒಂದು ಕೋಟಿ ಮೂವತ್ತೆಂಟು ಲಕ್ಷದ ಇಪ್ಪತ್ತನಾಲ್ಕು ಸಾವಿರ. ಇದು ಒಂದೇ ಒಂದು ಸೆಕೆಂಡಿನ ಸದ್ದನ್ನ ಆರು ಸ್ಪೀಕರ್‌ಗೆ 'ಹೈ ರೆಸಲ್ಯೂಷನ್' ಅನ್ನೋ ಗುಣಮಟ್ಟದಲ್ಲಿ ಬರೆದಿಡೋಕೆ ಬೇಕಾದ ಬಿಟ್‌ಗಳ ಸಂಖ್ಯೆ. ಸೆಕೆಂಡಿಗೆ 96 ಸಾವಿರ ಸಲ ಸದ್ದನ್ನ ಅಳೀತೀವಿ, ಪ್ರತಿ ಅಳತೆಗೂ 24 ಬಿಟ್, ಹಾಗೆ ಆರು ಚಾನೆಲ್.

ಈಗ ಇನ್ನೊಂದು ಸಂಖ್ಯೆ: 1,00,80,000. ಒಂದು ಸಾಮಾನ್ಯ ಡಿವಿಡಿ ಸೆಕೆಂಡಿಗೆ ಇಷ್ಟು ಬಿಟ್ ಮಾತ್ರ ಕೊಡಬಹುದು. ಸದ್ದಿಗಷ್ಟೇ ಅಲ್ಲ, ಚಿತ್ರ, ಸದ್ದು, ಸಬ್‌ಟೈಟಲ್ ಎಲ್ಲಾ ಸೇರಿ. ಅದರೊಳಗೆ ಸಂಕುಚಿಸದ ಸದ್ದಿಗೆ ಅಂತ ಬಿಟ್ಟಿರೋ ಜಾಗ 61,44,000. ಅಂದ್ರೆ ನಮ್ಮ ಆರು ಚಾನೆಲ್ ಆ ಜಾಗಕ್ಕೆ ಎರಡು ಪಟ್ಟಿಗಿಂತ ದೊಡ್ಡದು. ಒಂದು ಚೀಲದಲ್ಲಿ ಎರಡು ಚೀಲ ಭತ್ತ ತುಂಬೋಕೆ ಹೊರಟ ಹಾಗೆ.

'ಡಿವಿಡಿನಾ? ಈ ಕಾಲದಲ್ಲಿ?' ಅಂತ ನಿಮ್ಮಲ್ಲಿ ಅರ್ಧಕ್ಕರ್ಧ ಜನ ಕೇಳ್ತಿರಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಹೊನ್ನಾವರದ ಕಡೆಯ ಒಬ್ಬ ಕೇಳುಗನದ್ದು. ಎಂಜಿನಿಯರಿಂಗ್ ಮೂರನೇ ವರ್ಷದ ಹುಡುಗ. ನಮಗೆ ಒಂದು ವಾಯ್ಸ್ ನೋಟ್ ಕಳಿಸಿದ್ದ. ಅವನ ದೊಡ್ಡಪ್ಪ ಭಾಗವತರು. ಅವರು ಕೊನೆಯದಾಗಿ ಹಾಡಿದ ಒಂದು ತಾಳಮದ್ದಳೆಯನ್ನ ಇವನು ಆರು ಮೈಕ್ ಇಟ್ಟು, 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದ್ದಾನೆ. ಆ ಮಳೆಗಾಲ ಕಳೆದ ಮೇಲೆ ಅವರು ಹಾಡಿಲ್ಲ. ಕಣ್ಣು ಕೂಡ ಪೂರ್ತಿ ಮಂಜಾಗಿದೆ, ಟಚ್ ಸ್ಕ್ರೀನ್ ಅವರ ಕೈಗೆ ಬಗ್ಗೋದಿಲ್ಲ. ಆದ್ರೆ ಮನೆಯಲ್ಲಿ ಹಳೇ ಡಿವಿಡಿ ಪ್ಲೇಯರ್ ಇದೆ, ಅದಕ್ಕೆ ಆಂಪ್ಲಿಫೈಯರ್, ಆರು ಸ್ಪೀಕರ್ ಇವೆ. ರಿಮೋಟ್‌ನ ಬಟನ್ ಎಲ್ಲೆಲ್ಲಿದೆ ಅನ್ನೋದು ಅವರ ಬೆರಳಿಗೆ ಗೊತ್ತು. ಡಿಸ್ಕ್ ಹಾಕಿ, ಪ್ಲೇ ಒತ್ತಿ, ಯಾರ ಹಂಗೂ ಇಲ್ಲದೆ ಕೇಳಬಹುದು.

ಹುಡುಗನ ಮಾತು ಹೀಗಿತ್ತು: 'ಅಣ್ಣಾ, ಮೂರು ಡಿಸ್ಕ್ ಬರೆದು ಆಯ್ತು. ಒಂದರಲ್ಲಿ ಬರೀ ಚರ್ರ್ ಅಂತದೆ. ಇನ್ನೊಂದರಲ್ಲಿ ಎದುರಿನ ಎರಡು ಸ್ಪೀಕರ್ ಮಾತ್ರ ಬರ್ತದೆ. ಮೂರನೇದರಲ್ಲಿ ಎಲ್ಲಾ ಬರ್ತದೆ, ಆದ್ರೆ ಚಂಡೆಯೇ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಎಲ್ಲಾ ಸರಿ ಉಂಟು.'

ಮೂರು ಡಿಸ್ಕ್, ಮೂರು ರೋಗ. ನನಗೆ ಇದು ಬಹಳ ಹಿಡಿಸಿತು. ಯಾಕಂದ್ರೆ ಈ ಮೂರೂ ರೋಗದ ಮೂಲ ಆ ಹುಡುಗನ ಲ್ಯಾಪ್‌ಟಾಪ್‌ನಲ್ಲಿಲ್ಲ. ಅವನು ಹುಟ್ಟೋಕೆ ಮುಂಚೆ ನಡೆದ ಸಭೆಗಳಲ್ಲಿ, ಜಗಳಗಳಲ್ಲಿ ಇದೆ.

ಮೊದಲು 44,100 ಅನ್ನೋ ಸಂಖ್ಯೆ ನೋಡೋಣ. ನಿಮ್ಮ ಫೋನಿನ ಬಹುಪಾಲು ಹಾಡು ಈಗಲೂ ಸೆಕೆಂಡಿಗೆ 44,100 ಸಲ ಅಳೆದದ್ದೇ. ಇದೆಂಥ ವಿಚಿತ್ರ ಸಂಖ್ಯೆ? 40 ಸಾವಿರ ಅಲ್ಲ, 45 ಸಾವಿರ ಅಲ್ಲ. 1982ರಲ್ಲಿ ಸಿಡಿ ಮಾರುಕಟ್ಟೆಗೆ ಬರೋಕೆ ಮುಂಚೆ ಡಿಜಿಟಲ್ ಸದ್ದನ್ನ ಬರೆದಿಡೋಕೆ ಸಾಕಷ್ಟು ದೊಡ್ಡ ಜಾಗ ಇದ್ದದ್ದು ವಿಡಿಯೊ ಟೇಪ್‌ನಲ್ಲಿ. ಟಿ.ವಿ. ಚಿತ್ರದ ಪ್ರತಿ ಗೆರೆಯಲ್ಲಿ ಮೂರು ಅಳತೆ ಕೂರಿಸ್ತಿದ್ರು. ಅಮೆರಿಕ, ಜಪಾನ್ ಪದ್ಧತಿಯಲ್ಲಿ ಒಂದು ಫೀಲ್ಡ್‌ಗೆ ಬಳಸಬಹುದಾದ 245 ಗೆರೆ, ಸೆಕೆಂಡಿಗೆ 60 ಫೀಲ್ಡ್. 245 ಗುಣಿಸು 3 ಗುಣಿಸು 60, ಸರಿಯಾಗಿ 44,100. ಯುರೋಪಿನ ಪದ್ಧತಿಯಲ್ಲಿ 294 ಗೆರೆ, 50 ಫೀಲ್ಡ್, ಅದೂ 44,100. ಇವತ್ತಿಗೂ ನಿಮ್ಮ ಇಯರ್‌ಬಡ್‌ನಲ್ಲಿ ಓಡ್ತಿರೋದು ಹಳೇ ಟಿ.ವಿ. ಗೆರೆಗಳ ಲೆಕ್ಕ. ಮುಂದೆ ಡಿವಿಡಿ ಬಂದಾಗ ಅದು ವೃತ್ತಿಪರ ವಿಡಿಯೊದವರ 48,000ವನ್ನ ಆರಿಸಿಕೊಂಡಿತು, ಜೊತೆಗೆ ಅದರ ಎರಡರಷ್ಟು, 96,000. ಹೀಗಾಗಿ ಸಿಡಿಯ 44,100 ಫೈಲನ್ನ ನೇರವಾಗಿ ಡಿವಿಡಿ ವಿಡಿಯೊಗೆ ಹಾಕಿದ್ರೆ ಅದು ತಗೊಳ್ಳೋದಿಲ್ಲ. ಮನೆಯಲ್ಲಿ ಡಿವಿಡಿ ಮಾಡೋರು ಎಡವೋ ಮೊದಲ ಕಲ್ಲು ಇದು. ನಮ್ಮ ಹುಡುಗ 96ರಲ್ಲೇ ಮಾಡಿದ್ದರಿಂದ ಈ ಕಲ್ಲು ದಾಟಿದ್ದ.

ಇನ್ನು ಸುತ್ತ ಬರೋ ಸದ್ದು. ಇದರ ಕಥೆಯಲ್ಲಿ ಭಾರತದ್ದೂ ಒಂದು ಸಣ್ಣ ಪಾತ್ರ ಇದೆ. ರೇ ಡಾಲ್ಬಿ ಅನ್ನೋ ಹೆಸರು ಸಿನಿಮಾ ಪರದೆಯಲ್ಲಿ ನೋಡಿದ್ದೀರಿ. ಅಮೆರಿಕದ ಎಂಜಿನಿಯರ್, ವಿಡಿಯೊ ಟೇಪ್ ಯಂತ್ರ ಮಾಡಿದ ಆಂಪೆಕ್ಸ್ ತಂಡದಲ್ಲಿ ಹುಡುಗನಾಗಿ ಕೆಲಸ ಮಾಡಿದವರು. 1963ರಿಂದ ಎರಡು ವರ್ಷ ಅವರು ಯುನೆಸ್ಕೊ ಸಲಹೆಗಾರರಾಗಿ ಚಂಡೀಗಢದಲ್ಲಿದ್ರು. ಟೇಪ್‌ನ 'ಸ್ಸ್' ಅನ್ನೋ ಹಿನ್ನೆಲೆ ಸದ್ದನ್ನ ಇಳಿಸೋ ವಿಚಾರ ಅವರ ತಲೆಯಲ್ಲಿ ಬೆಳೆದದ್ದು ಆ ದಿನಗಳಲ್ಲೇ. ಇಲ್ಲಿಂದ ಲಂಡನ್‌ಗೆ ಹೋಗಿ 1965ರಲ್ಲಿ ಡಾಲ್ಬಿ ಲ್ಯಾಬೊರೇಟರೀಸ್ ಶುರು ಮಾಡಿದ್ರು.

ಮುಂದೆ 1992ರಲ್ಲಿ ಅದೇ ಕಂಪನಿ 'ಬ್ಯಾಟ್‌ಮನ್ ರಿಟರ್ನ್ಸ್' ಸಿನಿಮಾ ಜೊತೆ ಡಿಜಿಟಲ್ ಸರೌಂಡ್ ತಂದಿತು. ಆ ಸದ್ದು ಎಲ್ಲಿತ್ತು ಗೊತ್ತಾ? 35 ಎಂಎಂ ರೀಲಿನ ಅಂಚಲ್ಲಿ ಹಲ್ಲುಚಕ್ರ ಹಿಡಿಯೋಕೆ ತೂತುಗಳಿರ್ತವಲ್ಲ, ಆ ತೂತು ತೂತುಗಳ ನಡುವಿನ ಪುಟ್ಟ ಜಾಗದಲ್ಲಿ. ಚುಕ್ಕೆ ಚುಕ್ಕೆಯಾಗಿ, ಇವತ್ತಿನ ಕ್ಯೂಆರ್ ಕೋಡ್ ಥರ. ಅಷ್ಟು ಕಿರಿದಾದ ಜಾಗದಲ್ಲಿ ಸೆಕೆಂಡಿಗೆ 3,20,000 ಬಿಟ್ ಮಾತ್ರ ಹಿಡೀತಿತ್ತು. ಅದರೊಳಗೆ ಆರು ಚಾನೆಲ್ ಕೂರಬೇಕು ಅಂದ್ರೆ ಸದ್ದನ್ನ ಕತ್ತರಿಸಲೇಬೇಕು. ಕಿವಿಗೆ ಗೊತ್ತಾಗದ ಭಾಗ ಯಾವುದು ಅಂತ ಲೆಕ್ಕ ಹಾಕಿ ಅದನ್ನ ಎಸೆಯೋ ವಿದ್ಯೆ, ಎಸಿ-3, ಹುಟ್ಟಿಕೊಂಡದ್ದು ಇಂಥ ಇಕ್ಕಟ್ಟಿಗೆ. ಮರುವರ್ಷ 'ಜುರಾಸಿಕ್ ಪಾರ್ಕ್' ಜೊತೆ ಬಂದ ಡಿಟಿಎಸ್‌ನವರು ಬೇರೆ ಉಪಾಯ ಮಾಡಿದ್ರು. ರೀಲಿನಲ್ಲಿ ಬರೀ ಸಮಯದ ಗುರುತು, ಸದ್ದು ಪ್ರತ್ಯೇಕ ಸಿಡಿಯಲ್ಲಿ.

1995ರ ಹೊತ್ತಿಗೆ ಡಿವಿಡಿ ಜಗಳ. ಒಂದು ಕಡೆ ಸೋನಿ ಮತ್ತು ಫಿಲಿಪ್ಸ್, ಇನ್ನೊಂದು ಕಡೆ ತೋಷಿಬಾ ಮತ್ತು ಟೈಮ್ ವಾರ್ನರ್. ಎರಡೂ ಗುಂಪಿಗೆ ತಂತಮ್ಮದೇ ಡಿಸ್ಕ್. ಐಬಿಎಂ ಮುಂತಾದ ಕಂಪ್ಯೂಟರ್ ಕಂಪನಿಗಳು 'ಎರಡಾದ್ರೆ ನಾವು ಯಾವುದನ್ನೂ ತಗೊಳ್ಳಲ್ಲ' ಅಂತ ಪಟ್ಟು ಹಿಡಿದ ಮೇಲೆ ರಾಜಿ ಆಯ್ತು. 1996ರ ನವೆಂಬರ್‌ನಲ್ಲಿ ಜಪಾನ್‌ನಲ್ಲಿ ಮೊದಲ ಪ್ಲೇಯರ್ ಮಾರಾಟಕ್ಕೆ ಬಂತು. ಆ ರಾಜಿಯಲ್ಲಿ ಸಿನಿಮಾದವರ ಬೇಡಿಕೆ ದೊಡ್ಡದಿತ್ತು: ಎರಡು ಗಂಟೆಗೂ ಮೀರಿದ ಸಿನಿಮಾ ಒಂದೇ ಬದಿಯಲ್ಲಿ ಕೂರಬೇಕು, ಹಲವು ಭಾಷೆಯ ಸದ್ದು ಬೇಕು. ಸಹಜವಾಗಿ ತೂತಿನ ನಡುವೆ ಕೂರುತ್ತಿದ್ದ ಎಸಿ-3 ಇಲ್ಲೂ ಬಂತು, ಹೆಚ್ಚೆಂದ್ರೆ 4,48,000 ಬಿಟ್ ಅನ್ನೋ ಮಿತಿಯೊಂದಿಗೆ. ನಮ್ಮ ಹುಡುಗನ ಮೂಲ ರೆಕಾರ್ಡಿಂಗ್‌ಗೆ ಹೋಲಿಸಿದ್ರೆ ಸುಮಾರು ಮೂವತ್ತೊಂದರಲ್ಲಿ ಒಂದು ಪಾಲು.

ಸಂಗೀತದವರಿಗೂ ಒಂದು ತುಂಡು ಸಿಕ್ಕಿತು. ಸಂಕುಚಿಸದ ಸದ್ದು, ಅಂದ್ರೆ ಎಲ್‌ಪಿಸಿಎಂ, ಎಂಟು ಚಾನೆಲ್ ತನಕ ಹಾಕಬಹುದು ಅಂತ ನಿಯಮ ಬರೆದ್ರು. ಆದ್ರೆ ಒಟ್ಟು 61,44,000 ಬಿಟ್ ಮೀರಬಾರದು. ಈಗ ಮತ್ತೆ ಕ್ಯಾಲ್ಕುಲೇಟರ್. 24 ಬಿಟ್, 48 ಸಾವಿರ, ಆರು ಚಾನೆಲ್: 69,12,000. ಮೀರಿತು. 20 ಬಿಟ್ ಮಾಡಿದ್ರೆ 57,60,000, ಹಿಡೀತದೆ. 16 ಬಿಟ್‌ಗೆ 46,08,000, ಆರಾಮಾಗಿ ಹಿಡೀತದೆ. ತಮಾಷೆ ಏನಂದ್ರೆ 24 ಬಿಟ್, 96 ಸಾವಿರದ ಎರಡೇ ಚಾನೆಲ್‌ಗೂ ಇದೇ 46,08,000. ಅಂದ್ರೆ ಆ ನಿಯಮ ಹೇಳ್ತಿರೋದು ಇಷ್ಟು: ಸೂಕ್ಷ್ಮ ಬೇಕಾ, ಸುತ್ತ ಬೇಕಾ, ಒಂದನ್ನ ಆರಿಸಿಕೋ.

ಈಗ ಮೊದಲ ಡಿಸ್ಕ್‌ನ ಚರ್ರ್ ಸದ್ದಿಗೆ ಬರೋಣ. ಹುಡುಗ ಮೊದಲು ಪ್ರಯತ್ನಿಸಿದ್ದು ಎರಡು ಚಾನೆಲ್, 24 ಬಿಟ್, 96 ಸಾವಿರ. ನಿಯಮದ ಒಳಗೇ ಇದೆ. ಆದ್ರೂ ಯಾಕೆ ಚರ್ರ್? ಕಂಪ್ಯೂಟರಿನ ವೇವ್ ಫೈಲ್ ಒಂದು ಸಂಖ್ಯೆಯ ಸಣ್ಣ ತುದಿಯನ್ನ ಮೊದಲು ಬರೀತದೆ. ಡಿವಿಡಿ ದೊಡ್ಡ ತುದಿಯನ್ನ ಮೊದಲು ಕೇಳ್ತದೆ. ನಾವು 'ಮುನ್ನೂರ ಇಪ್ಪತ್ತೈದು' ಅಂದ್ರೆ ಅದು 'ಐದು ಇಪ್ಪತ್ತು ಮುನ್ನೂರು' ಅಂತ ಓದಿದ ಹಾಗೆ. ಸಾಲದ್ದಕ್ಕೆ 24 ಬಿಟ್ ಆದ್ರೆ ಡಿವಿಡಿ ಪ್ರತಿ ಅಳತೆಯ ಮೇಲಿನ 16 ಬಿಟ್‌ಗಳನ್ನ ಒಂದು ಗುಂಪು ಮಾಡಿ, ಉಳಿದ 8 ಬಿಟ್‌ಗಳನ್ನ ಅದರ ಹಿಂದೆ ಇನ್ನೊಂದು ಗುಂಪಾಗಿ ಇಡ್ತದೆ. 16 ಬಿಟ್ ಮಾತ್ರ ಓದೋ ಅಗ್ಗದ ಪ್ಲೇಯರ್‌ಗೆ ಹಿಂದಿನದನ್ನ ಬಿಟ್ಟುಬಿಡೋದು ಸುಲಭ ಆಗ್ಲಿ ಅಂತ ಕಾಣ್ತದೆ. ಅವನ ಉಚಿತ ಸಾಫ್ಟ್‌ವೇರ್‌ಗೆ ಈ ಜೋಡಣೆ ಗೊತ್ತಿರಲಿಲ್ಲ, ಇದ್ದದ್ದನ್ನ ಇದ್ದ ಹಾಗೇ ಸುರಿದಿತ್ತು. ಸಾಫ್ಟ್‌ವೇರ್ ಬದಲಿಸಿದ, ಚರ್ರ್ ಹೋಯ್ತು. ಇಂಥದ್ದೇ ಚರ್ರ್ ಡಿಟಿಎಸ್ ಸಿಡಿಗಳಲ್ಲೂ ಬರ್ತದೆ. ಡಿಟಿಎಸ್ ಬಿಡಿಸೋಕೆ ಬಾರದ ಪ್ಲೇಯರ್ ಆ ಬಿಟ್‌ಗಳನ್ನೇ ಸಂಗೀತ ಅಂದುಕೊಂಡು ಬಾರಿಸ್ತದೆ. ಅಂಥ ಡಿಸ್ಕ್ ಹಾಕೋವಾಗ ವಾಲ್ಯೂಮ್ ಇಳಿಸಿಕೊಳ್ಳಿ, ಸ್ಪೀಕರ್ ಹರಿದುಹೋದೀತು.

ಎರಡನೇ ಡಿಸ್ಕ್: 16 ಬಿಟ್, 48 ಸಾವಿರ, ಆರು ಚಾನೆಲ್. ನಿಯಮದ ಪ್ರಕಾರ ನೂರಕ್ಕೆ ನೂರು ಸರಿ. ಎದುರಿನ ಎರಡು ಸ್ಪೀಕರ್ ಮಾತ್ರ ಯಾಕೆ ಮಾತಾಡಿದವು? ಪ್ಲೇಯರ್‌ನಿಂದ ಆಂಪ್ಲಿಫೈಯರ್‌ಗೆ ಹೋಗೋ ಕೇಬಲ್ ಯಾವುದು ಅಂತ ಕೇಳಿದೆ. ತುದಿಯಲ್ಲಿ ಕೆಂಪು ಬೆಳಕು ಬರ್ತದೆ ಅಂದ. ಅಲ್ಲಿಗೆ ಗೊತ್ತಾಯ್ತು. ಅದು ಆಪ್ಟಿಕಲ್ ಕೇಬಲ್, ಸಿಡಿ ಕಾಲದಲ್ಲಿ ಮಾಡಿಟ್ಟ ಸಂಪರ್ಕ. ಸಿಡಿಯಲ್ಲಿ ಇದ್ದದ್ದು ಎರಡೇ ಚಾನೆಲ್, ಅದಕ್ಕೆ ಆ ದಾರಿಯಲ್ಲೂ ಎರಡೇ ಚಾನೆಲ್‌ಗೆ ಜಾಗ. ಎಸಿ-3, ಡಿಟಿಎಸ್ ಕಟ್ಟುಗಳು ಚಿಕ್ಕವಾದ್ದರಿಂದ ಎರಡು ಚಾನೆಲ್‌ನ ವೇಷ ಹಾಕಿಕೊಂಡು ಅದರಲ್ಲಿ ದಾಟಿಬಿಡ್ತವೆ. ಆರು ಚಾನೆಲ್‌ನ ಬಿಡಿ ಸದ್ದು ದಾಟೋದಿಲ್ಲ. ಪ್ಲೇಯರ್ ಪಾಪ ಆರನ್ನ ಎರಡಕ್ಕೆ ಕಲಸಿ ಕಳಿಸಿತ್ತು.

ಹಾಗಾದ್ರೆ ಹೈ ರೆಸಲ್ಯೂಷನ್ ಸರೌಂಡನ್ನ ಮನೆಗೆ ತರಬೇಕು ಅಂತ ಯಾರೂ ಯೋಚಿಸಲೇ ಇಲ್ವಾ? ಯೋಚಿಸಿದ್ರು. ಇಲ್ಲಿ ನನಗೆ ತುಂಬ ಇಷ್ಟವಾದ ಒಬ್ಬ ಮನುಷ್ಯ ಬರ್ತಾರೆ, ಮೈಕೆಲ್ ಗೆರ್ಜನ್.

1970ರ ದಶಕಕ್ಕೆ ಹೋಗೋಣ. ಆಗ ನಾಲ್ಕು ಸ್ಪೀಕರ್‌ನ 'ಕ್ವಾಡ್ರಫೊನಿಕ್' ಹುಚ್ಚು. ಸಿಬಿಎಸ್‌ನವರದು ಎಸ್‌ಕ್ಯೂ, ಸ್ಯಾನ್ಸುಯಿಯವರದು ಕ್ಯೂಎಸ್, ಜೆವಿಸಿಯವರದು ಸಿಡಿ-4. ಒಬ್ಬರ ರೆಕಾರ್ಡ್ ಇನ್ನೊಬ್ಬರ ಯಂತ್ರದಲ್ಲಿ ಸರಿಯಾಗಿ ಬಿಡಿಸಿಕೊಳ್ತಿರಲಿಲ್ಲ. ಗಿರಾಕಿಗಳು ಬೇಸತ್ತು ಮನೆಗೆ ಹೋದ್ರು. ಆಕ್ಸ್‌ಫರ್ಡ್‌ನಲ್ಲಿದ್ದ ಗಣಿತಜ್ಞ ಗೆರ್ಜನ್ ಹೇಳಿದ್ದು ಬೇರೆ. ಸ್ಪೀಕರ್ ಎಷ್ಟು, ಎಲ್ಲಿ ಅನ್ನೋದನ್ನ ಬರೆದಿಡಬೇಡಿ. ಒಂದು ಜಾಗದಲ್ಲಿ ಸದ್ದು ಯಾವ ದಿಕ್ಕಿಂದ ಬರ್ತಿದೆ ಅನ್ನೋ ಇಡೀ ಚಿತ್ರವನ್ನೇ ಬರೆದಿಡಿ. ಕೇಳೋವಾಗ ಯಾರ ಮನೆಯಲ್ಲಿ ಎಷ್ಟು ಸ್ಪೀಕರ್ ಇದೆಯೋ ಅದಕ್ಕೆ ತಕ್ಕಂತೆ ಬಿಡಿಸಿಕೊಳ್ಳಲಿ. ಇದಕ್ಕೆ ಆಂಬಿಸಾನಿಕ್ಸ್ ಅಂತ ಹೆಸರು. ಗೆಳೆಯ ಪೀಟರ್ ಕ್ರೇವನ್ ಜೊತೆ ಅದಕ್ಕೆ ಬೇಕಾದ ಸೌಂಡ್‌ಫೀಲ್ಡ್ ಮೈಕನ್ನೂ ಮಾಡಿದ್ರು. ವ್ಯಾಪಾರವಾಗಿ ಅದು ಏಳಲಿಲ್ಲ. ಕ್ವಾಡ್ರಫೊನಿಕ್‌ನಿಂದ ಕೈ ಸುಟ್ಟುಕೊಂಡ ಕಂಪನಿಗಳು ಇನ್ನೊಂದು ಸರೌಂಡ್ ಅಂದ್ರೆ ಓಡಿಹೋಗ್ತಿದ್ವು.

1990ರ ದಶಕದಲ್ಲಿ ಅದೇ ಗೆರ್ಜನ್, ಕ್ರೇವನ್, ಮೆರಿಡಿಯನ್ ಕಂಪನಿಯ ಬಾಬ್ ಸ್ಟುವರ್ಟ್ ಸೇರಿ ಇನ್ನೊಂದು ಸಮಸ್ಯೆಗೆ ಕೈ ಹಾಕಿದ್ರು. ಸದ್ದಿನ ಒಂದು ಬಿಟ್ ಕೂಡ ಎಸೆಯದೆ ಅದನ್ನ ಚಿಕ್ಕದು ಮಾಡೋದು ಹೇಗೆ? ಜಿಪ್ ಫೈಲ್ ಥರ, ಬಿಡಿಸಿದಾಗ ಮೊದಲಿದ್ದದ್ದೇ ಸಿಗಬೇಕು. ಅವರ ಉಪಾಯ ಕೇಳೋಕೆ ಸರಳ. ಎಡ ಮೈಕ್, ಬಲ ಮೈಕ್ ಎರಡರಲ್ಲೂ ಇರೋ ಸಮಾನ ಭಾಗವನ್ನ ಒಂದೇ ಸಲ ಬರೆ, ಉಳಿದದ್ದಕ್ಕೆ ವ್ಯತ್ಯಾಸ ಬರೆ. ಮುಂದಿನ ಅಳತೆ ಎಷ್ಟು ಬರಬಹುದು ಅಂತ ಊಹಿಸು, ಊಹೆ ಎಷ್ಟು ತಪ್ಪಿತೋ ಅಷ್ಟನ್ನೇ ಬರೆ. ಸದ್ದು ಸಮಾಧಾನವಾಗಿದ್ದಾಗ ಉಳಿದ ಜಾಗವನ್ನ, ಜೋರಾದಾಗ ಬಳಸೋಕೆ ಬಫರ್‌ನಲ್ಲಿ ಮುಂಚಿತವಾಗಿ ತುಂಬಿಕೊ. ಇದೇ ಎಂಎಲ್‌ಪಿ, ಮೆರಿಡಿಯನ್ ಲಾಸ್‌ಲೆಸ್ ಪ್ಯಾಕಿಂಗ್. ಗೆರ್ಜನ್‌ಗೆ ತೀವ್ರ ಆಸ್ತಮಾ ಇತ್ತು. 1996ರ ಮೇ ತಿಂಗಳಲ್ಲಿ, 50ರ ವಯಸ್ಸಿನಲ್ಲಿ ತೀರಿಕೊಂಡ್ರು. ಮೊದಲ ಡಿವಿಡಿ ಪ್ಲೇಯರ್ ಅಂಗಡಿಗೆ ಬಂದದ್ದು ಅದಾಗಿ ಆರು ತಿಂಗಳಿಗೆ.

1999ರಲ್ಲಿ ಡಿವಿಡಿ ಆಡಿಯೊ ಅನ್ನೋ ಹೊಸ ನಿಯಮ ಬಂತು. ಡಿಸ್ಕ್ ಅದೇ, ಆದ್ರೆ ಸದ್ದಿನ ಮಿತಿ 96 ಲಕ್ಷ ಬಿಟ್‌ಗೆ ಏರಿತು. ಎಂಎಲ್‌ಪಿ ಸೇರಿಕೊಂಡಿತು. 1,38,24,000ವನ್ನ ಎಂಎಲ್‌ಪಿ 96 ಲಕ್ಷದೊಳಗೆ ಕೂರಿಸ್ತದೆ. ಚಂಡೆಯಂಥ ವಾದ್ಯ ಒಟ್ಟಿಗೆ ಅಬ್ಬರಿಸಿದಾಗ ಊಹೆ ತಪ್ತಾ ಹೋಗಿ ಕೂರದೆಯೂ ಇರಬಹುದು. ಆಗ ಹಿಂದಿನ ಸ್ಪೀಕರ್‌ಗಳ ಸದ್ದನ್ನ 20 ಬಿಟ್‌ಗೆ ಇಳಿಸಿದ್ರೆ ಸರಿಹೋಗ್ತದೆ.

ಅಂತೂ ದಾರಿ ಸಿಕ್ಕಿತು ಅಂದುಕೊಂಡ್ರಾ? ಅದೇ ವರ್ಷದ ಕೊನೆಯಲ್ಲಿ ನಾರ್ವೆಯ ಒಬ್ಬ ಹುಡುಗ, 15 ವರ್ಷದ ಯೋನ್ ಯೋಹಾನ್ಸೆನ್, ಮತ್ತವನ ಆನ್‌ಲೈನ್ ಜೊತೆಗಾರರು ಡಿವಿಡಿ ಸಿನಿಮಾದ ಬೀಗ ಒಡೆಯೋ ಪ್ರೋಗ್ರಾಂ ಹೊರಬಿಟ್ರು. ಕಂಪನಿಗಳಿಗೆ ಗಾಬರಿ. ಡಿವಿಡಿ ಆಡಿಯೊದ ಬೀಗವನ್ನ ಮತ್ತೆ ಹೊಸದಾಗಿ ಮಾಡಬೇಕಾಯ್ತು, ಡಿಸ್ಕ್‌ಗಳು ಬರೋದು ತಡವಾಯ್ತು. (ಆ ಹುಡುಗನ ಮೇಲೆ ಕೇಸು ಹಾಕಿದ್ರು, 2003ರಲ್ಲಿ ಖುಲಾಸೆ ಆದ.) ಸದ್ದಿನೊಳಗೇ ಕೇಳಿಸದ ಹಾಗೆ ವಾಟರ್‌ಮಾರ್ಕ್ ಬೆರೆಸೋ ವ್ಯವಸ್ಥೆಯನ್ನೂ ಸೇರಿಸಿದ್ರು. ಹೈ ರೆಸಲ್ಯೂಷನ್ ಅಂತ ಮಾರೋ ಸಂಗೀತಕ್ಕೆ ಬೇಕಂತಲೇ ಗುರುತು ಬೆರೆಸೋದು! 2000ದ ಸೆಪ್ಟೆಂಬರ್‌ನಲ್ಲಿ ಸಂಗೀತ ಉದ್ಯಮದ ಕೂಟವೊಂದು 'ನಮ್ಮ ವಾಟರ್‌ಮಾರ್ಕ್ ಅಳಿಸಿ ನೋಡೋಣ' ಅಂತ ಸವಾಲು ಹಾಕಿತು. ಪ್ರಿನ್ಸ್‌ಟನ್‌ನ ಎಡ್ ಫೆಲ್ಟನ್ ತಂಡ ಅಳಿಸಿಯೂ ಬಿಟ್ಟಿತು. ಅದರ ಪ್ರಬಂಧ ಓದೋಕೆ ಹೊರಟಾಗ ಬೆದರಿಕೆ ಪತ್ರ ಬಂತು. ಕೊನೆಗೆ 2001ರ ಆಗಸ್ಟ್‌ನಲ್ಲಿ ಓದಿದ್ರು.

ಈ ಹೆದರಿಕೆಯ ಫಲ ಬಳಕೆದಾರರ ಮನೆಗೆ ಹೇಗೆ ಬಂತು ಅಂದ್ರೆ, ಪೂರ್ಣ ಗುಣಮಟ್ಟದ ಸದ್ದು ಸಾಮಾನ್ಯ ಡಿಜಿಟಲ್ ಕೇಬಲ್‌ನಲ್ಲಿ ಹೊರಗೆ ಬರಬಾರದು ಅಂತ ಕಟ್ಟು ಮಾಡಿದ್ರು. ಬೇಕಾದ್ರೆ ಆರು ಅನಲಾಗ್ ಕೇಬಲ್ ಎಳ್ಕೊಳ್ಳಿ. ಪ್ಲೇಯರ್ ಹಿಂದೆ ಆರು, ಆಂಪ್ಲಿಫೈಯರ್ ಹಿಂದೆ ಆರು, ಮನೆಯಲ್ಲಿ ಇಲಿ ಇದ್ರೆ ಅದಕ್ಕೂ ಹಬ್ಬ. ಒಂದೇ ಕೇಬಲ್‌ನಲ್ಲಿ ಎಲ್ಲಾ ಒಯ್ಯೋ ಎಚ್‌ಡಿಎಂಐ 2002ರ ಕೊನೆಗೆ ಬಂತು, ಡಿವಿಡಿ ಆಡಿಯೊಗೆ ಅದರಲ್ಲಿ ಸರಿಯಾದ ಅವಕಾಶ ಸಿಕ್ಕಿದ್ದು 2004ರ ಆವೃತ್ತಿಯಲ್ಲಿ. ಅಷ್ಟರಲ್ಲಿ ಇನ್ನೊಂದು ಕಡೆ ಸೋನಿ, ಫಿಲಿಪ್ಸ್ ಸೇರಿ ಎಸ್‌ಎಸಿಡಿ ಅಂತ ಎದುರಾಳಿ ಡಿಸ್ಕ್ ತಂದಿದ್ರು. ಕ್ವಾಡ್ರಫೊನಿಕ್ ಜಗಳವೇ ಮತ್ತೆ. ಮತ್ತು 1999ರಲ್ಲೇ ನ್ಯಾಪ್‌ಸ್ಟರ್, 2001ರಲ್ಲಿ ಐಪಾಡ್. ಜನರಿಗೆ ಬೇಕಿದ್ದದ್ದು ಜೇಬಿನಲ್ಲಿ ಸಾವಿರ ಹಾಡು, ಕೋಣೆಯಲ್ಲಿ ಆರು ಸ್ಪೀಕರ್ ಅಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಡಿವಿಡಿ ಆಡಿಯೊವನ್ನ ಎಂಪಿ3 ಕೊಂದಿತು ಅನ್ನೋದು ಅರ್ಧ ಸತ್ಯ. ಮೊದಲ ಏಟು ಕೊಟ್ಟದ್ದು ಅದನ್ನ ಹೆತ್ತವರೇ.

ನಮ್ಮ ಹುಡುಗ ಇದನ್ನೂ ನೋಡಿದ್ದ. ಡಿವಿಡಿ ಆಡಿಯೊ ಬರೆಯೋ ಉಚಿತ ಪ್ರೋಗ್ರಾಂಗಳು ಇವೆ, ಎಂಎಲ್‌ಪಿ ಇಲ್ಲದೆಯೇ 24 ಬಿಟ್, 48 ಸಾವಿರದ ಆರು ಚಾನೆಲ್ ಅದರಲ್ಲಿ ಹಿಡೀತದೆ. 69,12,000 ಅಲ್ವಾ, 96 ಲಕ್ಷಕ್ಕೆ ಕಡಿಮೆ. ಆದ್ರೆ ಆ ಸದ್ದು ಡಿಸ್ಕ್‌ನ ಬೇರೆಯೇ ಫೋಲ್ಡರ್‌ನಲ್ಲಿ ಇರ್ತದೆ. ದೊಡ್ಡಪ್ಪನ ಸಾಮಾನ್ಯ ಪ್ಲೇಯರ್ ಆ ಫೋಲ್ಡರ್ ಕಡೆ ತಲೆ ಹಾಕೋದೇ ಇಲ್ಲ, ಡಿಸ್ಕ್ ಖಾಲಿ ಅಂತದೆ. ಅಂಥ ಪ್ಲೇಯರ್ ಹುಡುಕಿ ತರಬಹುದು. ಆದ್ರೆ ಹೊಸ ರಿಮೋಟ್ ದೊಡ್ಡಪ್ಪನ ಬೆರಳಿಗೆ ಗೊತ್ತಿರಲ್ಲವಲ್ಲ.

ಹಾಗಾಗಿ ಉಳಿದದ್ದು ಎಸಿ-3, ಅವನ ಮೂರನೇ ಡಿಸ್ಕ್. ಆರೂ ಸ್ಪೀಕರ್ ಮಾತಾಡಿದವು, ಚಂಡೆ ಮಾತ್ರ ನಾಪತ್ತೆ. 'ಮೈಕ್‌ಗಳನ್ನ ಎಲ್ಲೆಲ್ಲಿ ಇಟ್ಟಿದ್ದೆ?' ಅಂತ ಕೇಳಿದೆ. ಭಾಗವತರ ಎದುರು ಒಂದು, ಎರಡೂ ಬದಿಯ ಅರ್ಥಧಾರಿಗಳ ಸಾಲಿಗೆ ಒಂದೊಂದು, ಪ್ರೇಕ್ಷಕರ ಮಧ್ಯೆ ಎರಡು, ಆರನೇದು ಚಂಡೆಯ ಹತ್ತಿರ. ಆರು ಮೈಕ್, ಆರು ಚಾನೆಲ್, ಲೆಕ್ಕ ಸರಿ.

ಆದ್ರೆ 5.1 ಅನ್ನೋದು ಆರು ಅಲ್ಲ! 1977ರಲ್ಲಿ 'ಸ್ಟಾರ್ ವಾರ್ಸ್'ನ 70 ಎಂಎಂ ಪ್ರತಿಗಳಲ್ಲಿ ಆರು ಸದ್ದಿನ ಪಟ್ಟಿ ಇದ್ವು, ಅದರಲ್ಲಿ ಎರಡನ್ನ ಬರೀ ಗುಡುಗಿನಂಥ ತಗ್ಗು ಸದ್ದಿಗೆ ಮೀಸಲಿಟ್ಟಿದ್ರು. ಆಕಾಶನೌಕೆ ತಲೆಮೇಲೆ ಹಾದಾಗ ಕುರ್ಚಿ ನಡುಗಲಿ ಅಂತ. ಆ ಅಭ್ಯಾಸವೇ ಮುಂದೆ ಡಿಜಿಟಲ್‌ಗೂ ಬಂತು. ಐದು ಪೂರ್ತಿ ಚಾನೆಲ್, ಜೊತೆಗೆ ತಗ್ಗು ಸದ್ದಿಗಷ್ಟೇ ಒಂದು ಚೂರು ಚಾನೆಲ್. ಆ ಚೂರಿಗೆ 'ಪಾಯಿಂಟ್ ಒಂದು' ಅಂತ ಹೆಸರಿಟ್ಟವರು ಟಾಮ್ಲಿನ್ಸನ್ ಹೋಲ್ಮನ್. ಎಸಿ-3ರಲ್ಲಿ ಅದು 120 ಹರ್ಟ್ಸ್‌ಗಿಂತ ಮೇಲಿನ ಯಾವ ಸದ್ದನ್ನೂ ಒಯ್ಯೋದಿಲ್ಲ. ಚಂಡೆಯ ಆ ಚುರುಕು ಪೆಟ್ಟು ಇರೋದೆಲ್ಲ ಅದರ ಮೇಲೆ. ಸಾಫ್ಟ್‌ವೇರ್ ಒಂದು ಮಾತೂ ಹೇಳದೆ ಚಂಡೆಯನ್ನ ಕತ್ತರಿಸಿ ಎಸೆದಿತ್ತು. ಎರಡು ಸ್ಪೀಕರ್‌ಗೆ ಇಳಿಸಿ ಕೇಳಿದ್ರೆ ಇನ್ನೂ ಕಷ್ಟ, ಆಗ ಆ 'ಪಾಯಿಂಟ್ ಒಂದ'ನ್ನ ಪೂರ್ತಿ ಬಿಟ್ಟೇಬಿಡ್ತದೆ.

ಚಂಡೆಯ ಮೈಕನ್ನ ಎದುರಿನ ಎಡ ಬಲ ಎರಡಕ್ಕೂ ಸ್ವಲ್ಪ ಸ್ವಲ್ಪ ಬೆರೆಸು, 'ಪಾಯಿಂಟ್ ಒಂದ'ನ್ನ ಖಾಲಿ ಬಿಡು ಅಂದೆ. ಸಿನಿಮಾಗೆ ಸ್ಫೋಟ ಬೇಕು, ತಾಳಮದ್ದಳೆಗೆ ಬೇಡ. ಇನ್ನೊಂದು ವಿಷಯ: ಚಾನೆಲ್‌ಗಳ ಸಾಲು. ವೇವ್ ಫೈಲ್‌ನಲ್ಲಿ ಎಡ, ಬಲ, ನಡು ಅನ್ನೋ ಕ್ರಮ. ಸಿನಿಮಾದವರದು ಎಡ, ನಡು, ಬಲ. ಇದು ಅದಲು ಬದಲಾದ್ರೆ ಭಾಗವತರು ಬಲಕ್ಕೆ ಹೋಗಿ ಕೂತುಬಿಡ್ತಾರೆ. ಪ್ರತಿ ಮೈಕ್‌ನಲ್ಲೂ 'ಎಡ', 'ನಡು' ಅಂತ ಹೇಳಿ ರೆಕಾರ್ಡ್ ಮಾಡಿದ ಒಂದು ಪರೀಕ್ಷೆ ಫೈಲನ್ನ ಮೊದಲು ಬರೆದು ನೋಡೋದು ಉತ್ತಮ. ಮತ್ತೆ ಎಸಿ-3ರೊಳಗೆ ಮಾತಿನ ಮಟ್ಟ ಎಷ್ಟು ಅಂತ ಒಂದು ಸಂಖ್ಯೆ ಇರ್ತದೆ. ಬಹಳಷ್ಟು ಸಾಫ್ಟ್‌ವೇರ್‌ನಲ್ಲಿ ಅದು ತಾನಾಗೇ ಮೈನಸ್ 27 ಇರ್ತದೆ, ಅದರಿಂದ ಸದ್ದು 4 ಡೆಸಿಬೆಲ್ ಇಳೀತದೆ. ಮೈನಸ್ 31 ಇಟ್ರೆ ಇಳಿಸೋದಿಲ್ಲ. ಜೋರು, ಮೆಲು ಎರಡನ್ನೂ ಹತ್ತಿರ ತರೋ ಇನ್ನೊಂದು ಆಯ್ಕೆಯನ್ನೂ ಆರಿಸಿ ಬಿಡು ಅಂದೆ. ಏರುಪದದಲ್ಲಿ ಸ್ವರ ಏರಿದ್ದು ಏರಿದ ಹಾಗೇ ಕೇಳಬೇಕು.

ನಾಲ್ಕನೇ ಡಿಸ್ಕ್‌ನಲ್ಲಿ ಎರಡು ಟ್ರ್ಯಾಕ್. ಮೊದಲನೇದು ಎಸಿ-3, ಐದು ಸ್ಪೀಕರ್, 4,48,000 ಬಿಟ್. ಎರಡನೇದು 24 ಬಿಟ್, 96 ಸಾವಿರ, ಬರೀ ಎಡ ಬಲ. ಎರಡೂ ಸೇರಿ 50,56,000, ಉಳಿದ ಜಾಗದಲ್ಲಿ ಪರದೆಗೆ ಒಂದು ಫೋಟೊ. ಒಂದೂಕಾಲು ಗಂಟೆಯ ಪ್ರಸಂಗ ಮೂರು ಜಿಬಿ ಆಸುಪಾಸಿನಲ್ಲಿ ಮುಗೀತು. ರಿಮೋಟ್‌ನ ಆಡಿಯೊ ಬಟನ್ ಒತ್ತಿದ್ರೆ ಒಂದರಿಂದ ಇನ್ನೊಂದಕ್ಕೆ ಹಾರ್ತದೆ. ಆರು ಚಾನೆಲ್‌ನ ಮೂಲವನ್ನ ಫ್ಲಾಕ್ ಫೈಲಾಗಿ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟಿದ್ದಾನೆ. ಅದು ಒಂದು ಬಿಟ್ಟನ್ನೂ ಕಳೆಯೋದಿಲ್ಲ, ಯಾರ ಲೈಸೆನ್ಸೂ ಬೇಕಿಲ್ಲ.

ಮುಂದಿನ ವಾಯ್ಸ್ ನೋಟ್ ಬಂದದ್ದು ಒಂದು ವಾರ ಬಿಟ್ಟು. ದೊಡ್ಡಪ್ಪ ಮೊದಲ ಟ್ರ್ಯಾಕನ್ನ ಪೂರ್ತಿ ಕೇಳಿದ್ರಂತೆ. ಕೇಳಿ ಮುಗಿಸಿ, 'ಎಲ್ಲಾ ಸರಿ ಉಂಟು ಮಾರಾಯಾ, ಆದ್ರೆ ಕೃಷ್ಣ ಆಚೆ ಬದಿಗೆ ಯಾಕೆ ಕೂತಿದ್ದಾನೆ?' ಅಂದ್ರಂತೆ. ಹುಡುಗ ಮತ್ತೆ ಫೈಲ್, ಕೇಬಲ್, ಸಾಲು ಎಲ್ಲಾ ತಡಕಾಡಿದ. ಎಲ್ಲೂ ಅದಲು ಬದಲಾಗಿರಲಿಲ್ಲ. ರೆಕಾರ್ಡಿಂಗ್ ಆದದ್ದು ಪ್ರೇಕ್ಷಕರ ಕಡೆಯಿಂದ. ದೊಡ್ಡಪ್ಪ ಆ ರಾತ್ರಿ ಕೂತಿದ್ದದ್ದು ಪ್ರೇಕ್ಷಕರಿಗೆ ಎದುರಾಗಿ. ಅವರ ಕಿವಿಗೆ ಕೃಷ್ಣ ಇದ್ದದ್ದು ಬಲಕ್ಕೆ.

ಗೆರ್ಜನ್‌ರ ಆಂಬಿಸಾನಿಕ್ಸ್‌ನಲ್ಲಿ ಇದು ಒಂದು ಸಣ್ಣ ಗುಣಾಕಾರ, ಇಡೀ ಸದ್ದಿನ ಚಿತ್ರವನ್ನ ಬೇಕಾದ ಕಡೆಗೆ ತಿರುಗಿಸಿಬಿಡಬಹುದು. 2016ರಿಂದ ಯೂಟ್ಯೂಬ್‌ನ 360 ಡಿಗ್ರಿ ವಿಡಿಯೊಗಳಲ್ಲಿ ನೀವು ಫೋನ್ ತಿರುಗಿಸಿದಂತೆ ಸದ್ದೂ ತಿರುಗೋದು ಇದೇ ಲೆಕ್ಕದಿಂದ. ಅವರ ಎಂಎಲ್‌ಪಿ ಕೂಡ ಡಾಲ್ಬಿ ಟ್ರೂಎಚ್‌ಡಿ ಅನ್ನೋ ಹೆಸರಲ್ಲಿ ಬ್ಲೂ-ರೇ ಡಿಸ್ಕ್‌ಗಳಲ್ಲಿ ಬದುಕಿದೆ. ನಮ್ಮ ಹುಡುಗನ ಹತ್ತಿರ ಇದ್ದದ್ದು ಐದು ಸ್ಪೀಕರ್‌ನ ಬಿಡಿ ಬಿಡಿ ಪಟ್ಟಿ, ಹಾಗಾಗಿ ಕೈಯಾರೆ ಎಡಬಲ ಬದಲಿಸಿ, ಪ್ರೇಕ್ಷಕರ ಮೈಕ್‌ಗಳನ್ನ ಸ್ವಲ್ಪ ಮುಂದಕ್ಕೆ ತಂದು ಐದನೇ ಡಿಸ್ಕ್ ಬರೆದ. ಅದರ ಮೇಲೆ ಕೈಗೆ ತಾಗೋ ಹಾಗೆ ಒಂದು ಚಿಕ್ಕ ದಾರದ ಗಂಟು ಅಂಟಿಸಿದ್ದಾನೆ, ಡಬ್ಬಿ ಮೇಲೆ. ನಾಲ್ಕನೇದನ್ನ ಮನೆಗೆ ಬಂದವರಿಗೆ ಹಾಕ್ತಾರಂತೆ.

ಮುಂದಿನ ವಾರ ಮತ್ತೆ ಸಿಗೋಣ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ.